ಡಿಕ್ಕಿಯ ಎರಡು ಅರ್ಥ

ನಮ್ಮ ಭಾಷೆಯಲ್ಲಿ ‘ಡಿಕ್ಕಿ’ ಎಂಬ ಮಾತಿಗೆ ಈಗ ಎರಡು ಅರ್ಥಗಳಿವೆ. ಟಗರು ಟಗರಿಗೆ ಹಾಯುವುದು, ಲಾರಿ ಬಸ್ಸಿಗೆ ಬಡಿಯುವುದು ಒಂದು ಡಿಕ್ಕಿ. ಕಾರಿನ ಹಿಂಬದಿಯಲ್ಲಿ ಸಾಮಾನು ತುಂಬುವ ಗೂಡು ಇನ್ನೊಂದು ಡಿಕ್ಕಿ. ಮೊದಲನೆಯದು ಹಳೆಯ ಮಾತು. ಎರಡನೆಯದು ಮೋಟಾರಿನ ಜೊತೆಯಲ್ಲಿ ಇಂಗ್ಲಿಷಿನಿಂದ ಬಂದು ಇಲ್ಲಿಯೇ ನೆಲೆಯೂರಿದ್ದು. ತರಗತಿಯಲ್ಲಿ ಶ್ಲೇಷಾಲಂಕಾರವನ್ನು ಪಾಠ ಹೇಳುವಾಗ ಹುಡುಗರನ್ನು ನಗಿಸುವುದಕ್ಕೆ ನಾನು ಈ ಉದಾಹರಣೆಯನ್ನು ಕೊಡುವುದುಂಟು. ಆದರೆ ಈ ಎರಡು ಅರ್ಥಗಳೂ ಒಂದೇ ಗಳಿಗೆಯಲ್ಲಿ ಕೂಡಿಬಂದರೆ ನಗುವ ಮಾತು ಉಳಿಯುವುದಿಲ್ಲ. ಆ ಹಿಂಬದಿಯ ಗೂಡಿನಲ್ಲಿ ಒಂದು ಜೀವವಿದ್ದರಂತೂ ಸರ್ವಥಾ ಇಲ್ಲ. ನಾಯಿಯನ್ನು ಗಾಡಿಯ ಹಿಂಭಾಗಕ್ಕೆ ಹತ್ತಿಸಿ, ಬಾಗಿಲು ತಳ್ಳಿ, ‘ಹೂಂ, ಹೊರಡಿ’ ಎನ್ನುವ ನಮ್ಮ ರೂಢಿಯನ್ನು ಕುರಿತು ನಾಲ್ಕು ನಿಷ್ಠುರದ ಮಾತುಗಳನ್ನು ಆಡಬೇಕಾಗಿದೆ. ನಾಯಿ ಸಾಕಿದವರು ಕೋಪಿಸಿಕೊಳ್ಳಬಹುದು. ಕೋಪಿಸಿಕೊಂಡಾದರೂ ಓದಲಿ.

ಈ ಲೇಖನಕ್ಕೆ ಕಾರಣವಾದದ್ದು ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ನಡೆದ ಒಂದು ಸಣ್ಣ ಜಗಳ. ಅರ್ಥಶಾಸ್ತ್ರದ ಮಿತ್ರರೊಬ್ಬರು ರಜೆಗೆಂದು ಸಂಸಾರ ಸಮೇತ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೊರಟಿದ್ದರು. ಅವರ ಮನೆಯ ನಾಯಿಯೂ ಹೊರಟಿತ್ತು. “ಅದನ್ನು ಹೇಗೆ ಕರೆದುಕೊಂಡು ಹೋಗುತ್ತೀರಿ?” ಎಂದು ಕೇಳಿದೆ. “ಹೇಗೆ ಅಂದರೇನು ಮೇಷ್ಟ್ರೇ, ಹಿಂದೆ ಜಾಗ ಇದೆ, ಮಲಗಿಕೊಂಡಿರುತ್ತೆ. ಬೇಜಾರಾದರೆ ಸೀಟು ಹಾರಿ ಮಕ್ಕಳ ಹತ್ತಿರ ಬರುತ್ತೆ” ಎಂದರು. “ಕಟ್ಟುವುದಿಲ್ಲವೇ?” ಎಂದೆ. “ನಾಯಿಯೇನು ಟ್ರಂಕೇ, ಬಿಗಿದು ಕಟ್ಟುವುದಕ್ಕೆ? ಅದೂ ನಮ್ಮ ಮನೆಯ ಮಗುವಿನ ಹಾಗೆ” ಎಂದರು. ಕೊಠಡಿಯಲ್ಲಿದ್ದವರೆಲ್ಲ ಅವರ ಪಕ್ಷವಹಿಸಿದರು. ನಾನು ನಿರ್ದಯಿ ಎಂಬ ತೀರ್ಪು ಕಾಫಿ ಮುಗಿಯುವುದರೊಳಗೆ ಹೊರಬಿದ್ದಿತು.

ಟ್ರಂಕಿನ ಮಾತು ಬಂದದ್ದು ಒಳ್ಳೆಯದೇ ಆಯಿತು. ನಮ್ಮ ಸಂಸಾರಗಳು ಪ್ರಯಾಣಕ್ಕೆ ಸಜ್ಜಾಗುವ ಕ್ರಮವನ್ನು ಸ್ವಲ್ಪ ನೆನೆದುಕೊಳ್ಳಿ. ಉಪ್ಪಿನಕಾಯಿಯ ಭರಣಿಗೆ ಬಾಯಿಗೆ ಬಟ್ಟೆ ಕಟ್ಟಿ, ಮೈಗೆ ಹಳೆಯ ಸೀರೆ ಸುತ್ತಿ, ಎರಡು ಚೀಲಗಳ ನಡುವೆ ಒತ್ತುಕೊಟ್ಟು ಕೂರಿಸುತ್ತೇವೆ. ಹಾಲಿನ ಕ್ಯಾನು ಉರುಳಬಾರದೆಂದು ಹಗ್ಗ ಹಾಕುತ್ತೇವೆ. ಮೊಟ್ಟೆಯ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತೇವೆ. ತಿರುವಿನಲ್ಲಿ ಏನೇನು ಜರುಗುತ್ತದೆ, ಬ್ರೇಕು ಹಾಕಿದಾಗ ಯಾವುದು ಮುಂದಕ್ಕೆ ನುಗ್ಗುತ್ತದೆ ಎಂಬ ಜ್ಞಾನ ನಮಗೆ ಇಲ್ಲವೆಂದಲ್ಲ. ಧಾರಾಳವಾಗಿ ಇದೆ. ಆ ಜ್ಞಾನವೆಲ್ಲ ಭರಣಿಗೆ ಖರ್ಚಾಗಿ, ನಾಯಿಯ ಸರದಿ ಬರುವ ಹೊತ್ತಿಗೆ ಪ್ರೀತಿ ಒಂದೇ ಉಳಿದಿರುತ್ತದೆ.

ಪ್ರೀತಿಗೆ ಭೌತಶಾಸ್ತ್ರ ಗೊತ್ತಿಲ್ಲ. ಆದರೆ ಭೌತಶಾಸ್ತ್ರಕ್ಕೂ ಪ್ರೀತಿ ಗೊತ್ತಿಲ್ಲ. ನಾನು ಕನ್ನಡದ ಮೇಷ್ಟ್ರು. ಲೆಕ್ಕವನ್ನು ಪಕ್ಕದ ವಿಭಾಗದವರಿಂದ ಮಾಡಿಸಿಕೊಂಡು ಬಂದಿದ್ದೇನೆ. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಓಡುವ ಗಾಡಿಯೆಂದರೆ ಸೆಕೆಂಡಿಗೆ ಸುಮಾರು 14 ಮೀಟರು. ಗಾಡಿ ಏನಕ್ಕಾದರೂ ಬಡಿದು ಗಕ್ಕನೆ ನಿಂತರೆ ಒಳಗೆ ಕಟ್ಟದೆ ಇರುವ ಪ್ರತಿಯೊಂದು ವಸ್ತುವೂ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಅದು ಸುಮಾರು 10 ಮೀಟರು ಎತ್ತರದಿಂದ, ಎಂದರೆ ಮೂರಂತಸ್ತಿನ ಮನೆಯ ಮಾಳಿಗೆಯಿಂದ, ಕೆಳಕ್ಕೆ ಬಿದ್ದು ನೆಲಕ್ಕೆ ಅಪ್ಪಳಿಸುವ ವೇಗ. ಮೂರನೆಯ ಅಂತಸ್ತಿನ ಮಾಳಿಗೆಯ ಅಂಚಿನಲ್ಲಿ ನಾಯಿಯನ್ನು ಕಟ್ಟೆಯಿಲ್ಲದೆ ಯಾರಾದರೂ ಮಲಗಿಸುವರೇ? 20 ಕಿಲೋ ತೂಗುವ ನಾಯಿ ಆ ವೇಗದಿಂದ ಅರ್ಧ ಮೀಟರಿನಷ್ಟು ದೂರದಲ್ಲಿ ನಿಲ್ಲಬೇಕಾದರೆ ಅದರ ಮೈಮೇಲೆ ಬೀಳುವ ಒತ್ತಡ ಅದರ ತೂಕದ 20 ಪಟ್ಟು. 400 ಕಿಲೋ ಭಾರಕ್ಕೆ ಸಮ. ಇನ್ನೂ ಕಡಿಮೆ ದೂರದಲ್ಲಿ ನಿಂತರೆ ಇನ್ನೂ ಹೆಚ್ಚು. ಆ ಒತ್ತಡವನ್ನು ತಾಳಬೇಕಾದದ್ದು ನಾಯಿಯ ಎಲುಬು ಮಾತ್ರವಲ್ಲ. ಅದರ ಮುಂದೆ ಕುಳಿತಿರುವ ಮಗುವಿನ ಕತ್ತು ಕೂಡ. ಮಗುವಿನಂಥ ನಾಯಿಯನ್ನು ಕಟ್ಟದೆ ಬಿಟ್ಟವರು ನಿಜವಾದ ಮಗುವನ್ನೂ ಸೇರಿಸಿ ಪಣಕ್ಕೆ ಒಡ್ಡಿದ್ದಾರೆಂದು ತಿಳಿಯಬೇಕು.

‘ಮಗುವಿನ ಹಾಗೆ’ ಎಂಬ ಈ ಮಾತನ್ನೇ ತೆಗೆದುಕೊಳ್ಳೋಣ. ಮಗುವನ್ನು ನಾವು ತೊಟ್ಟಿಲಲ್ಲಿ ಮಲಗಿಸುತ್ತೇವೆ. ತೊಟ್ಟಿಲಿಗೆ ನಾಲ್ಕು ಕಡೆಯೂ ಕಂಬಿಗಳಿರುತ್ತವೆ. ಅದನ್ನು ಸೆರೆಮನೆಯೆಂದು ಯಾವ ತಾಯಿಯೂ ಹೇಳಿಲ್ಲ. ಬಾವಿಗೆ ಕಟ್ಟೆಯಿದೆ, ಮೆಟ್ಟಿಲಿಗೆ ಕೈಪಿಡಿಯಿದೆ, ಅಟ್ಟಕ್ಕೆ ಅಡ್ಡಪಟ್ಟಿಯಿದೆ. ತಡೆಯೆಲ್ಲವೂ ಹಿಂಸೆಯಲ್ಲ. ನಾಯಿಗೆ ಹೊಂದುವ ಒಂದು ಪೆಟ್ಟಿಗೆಯನ್ನೋ ಎದೆಪಟ್ಟಿಯನ್ನೋ ಕಂಡ ಕೂಡಲೇ ‘ಅಯ್ಯೋ ಪಾಪ’ ಎನ್ನುವ ನಾಲಗೆ, ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿದ ನಾಯಿಯನ್ನು ಕಂಡಾಗ ‘ಎಷ್ಟು ಖುಷಿಯಾಗಿದೆ ನೋಡಿ’ ಎನ್ನುತ್ತದೆ. ಆ ಖುಷಿಗೆ ತಗಲುವ ಬೆಲೆ ಧೂಳು, ಹುಳ, ಜಲ್ಲಿಚೂರು ಬಡಿಯುವ ಕಣ್ಣು. ಎದುರು ಬಸ್ಸು ಒರಸಿಕೊಂಡು ಹೋಗುವ ಕಿರುದಾರಿ. ಬೆಂಗಳೂರಿನ ಬೀದಿಗಳಲ್ಲಿ ಸ್ಕೂಟರಿನ ಕಾಲಿಡುವ ಜಾಗದಲ್ಲಿ ನಾಯಿಯನ್ನು ನಿಲ್ಲಿಸಿಕೊಂಡು ಹೋಗುವವರನ್ನು ನೋಡಿ ಮೆಚ್ಚುವವರಿದ್ದಾರೆ. ಮೆಚ್ಚಬೇಕಾದದ್ದು ನಾಯಿಯ ತಾಳ್ಮೆಯನ್ನು, ಸವಾರನ ಬುದ್ಧಿಯನ್ನಲ್ಲ. 2022ರಲ್ಲಿ ತೆರೆಕಂಡ ‘777 ಚಾರ್ಲಿ’ಯನ್ನು ನೋಡಿ ನಾನೂ ಕಣ್ಣೊರಸಿಕೊಂಡವನೇ. ಆ ಚಿತ್ರದ ನಾಯಕನೂ ತನ್ನ ನಾಯಿಗಾಗಿ ಬೈಕಿನ ಪಕ್ಕಕ್ಕೆ ಒಂದು ತೊಟ್ಟಿಯನ್ನು ಜೋಡಿಸಿಕೊಂಡು ಹೊರಟನೆಂಬುದನ್ನು ಮರೆಯಬಾರದು. ನಾಯಿಗೆ ಪ್ರತ್ಯೇಕ ಸ್ಥಾನ ಬೇಕೆಂಬಷ್ಟು ವಿವೇಕ ಕಥೆಯಲ್ಲಿಯೂ ಇತ್ತು.

ಇನ್ನು ಕಟ್ಟುವುದರ ಮಾತು. ‘ಸರಿ, ಕಟ್ಟಿದರಾಯಿತಲ್ಲ’ ಎಂದು ಅವಸರಪಡುವವರಿಗೆ ನಾನೊಂದು ಸಂಗತಿಯನ್ನು ಹೇಳಬೇಕು. ಹೇಳಲು ನನಗೆ ಇಷ್ಟವಿಲ್ಲ. ಆದರೆ ಹೇಳದೆ ಹೋದರೆ ಇಷ್ಟು ಹೊತ್ತು ಉಪದೇಶ ಮಾಡಿದ್ದಕ್ಕೆ ನನಗೆ ಅಧಿಕಾರವಿರುವುದಿಲ್ಲ.

ಕೆಲವು ವರ್ಷಗಳ ಹಿಂದೆ, ಸಕಲೇಶಪುರದ ಕಡೆ ನಮ್ಮ ಭಾವನವರ ತೋಟಕ್ಕೆ ಹೋಗಿದ್ದೆ. ಅಲ್ಲಿ ಕರಿಯ ಎಂಬ ನಾಯಿಯಿತ್ತು. ಜಾತಿಯ ನಾಯಿಯಲ್ಲ; ಮನೆ ಕಾಯುವ, ಹಂದಿ ಓಡಿಸುವ, ಸಂಜೆ ನನ್ನ ಕಾಲಬಳಿ ಬಂದು ಬೀಳುವ ನಾಯಿ. ಅದಕ್ಕೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಲು ಪೇಟೆಯ ಪಶುವೈದ್ಯರ ಬಳಿಗೆ ಒಯ್ಯಬೇಕಾಗಿತ್ತು. ತೋಟದ ಪಿಕಪ್ಪಿನ ತೆರೆದ ಹಿಂಭಾಗಕ್ಕೆ ಹತ್ತಿಸಿದೆವು. ಭಾವ ಹಗ್ಗ ತಂದು ಕೊರಳಪಟ್ಟಿಗೆ ಕಟ್ಟಿ ಗಿಡ್ಡವಾಗಿ ಬಿಗಿಯಲು ಹೋದರು. “ಬೇಡಿ ಭಾವ, ಪಾಪ, ಕೂತು ಎದ್ದು ಮಾಡಲಿ, ಸ್ವಲ್ಪ ಉದ್ದ ಬಿಡೋಣ” ಎಂದು ಹಗ್ಗವನ್ನು ಅವರ ಕೈಯಿಂದ ತೆಗೆದುಕೊಂಡು ನಾನೇ ಪಕ್ಕದ ಕಂಬಿಗೆ ಗಂಟು ಹಾಕಿದೆ. ದಯೆಯಿಂದ ಹಾಕಿದ ಗಂಟು. ಇಳಿಜಾರಿನ ಒಂದು ತಿರುವಿನಲ್ಲಿ ಎದುರಿಗೆ ಬಂದ ಲಾರಿ ಜೋರಾಗಿ ಹಾರನ್ನು ಹೊಡೆಯಿತು. ನಾವಿಬ್ಬರೂ ಮುಂದೆ ಮಾತನಾಡುತ್ತ ಕುಳಿತಿದ್ದೆವು. ಹಿಂದಿನಿಂದ ಬೈಕಿನವನೊಬ್ಬ ಕೂಗಿಕೊಂಡು ಬರುತ್ತಿದ್ದುದು ನಮಗೆ ಕೇಳಿಸಿದ್ದು ತಡವಾಗಿ. ಕರಿಯ ಬೆದರಿ ಪಕ್ಕದ ಹಲಗೆಯನ್ನು ಹಾರಿತ್ತು. ಹಲಗೆ ದಾಟುವಷ್ಟು ಹಗ್ಗ ಉದ್ದವಿತ್ತು. ನೆಲ ಮುಟ್ಟುವಷ್ಟು ಉದ್ದವಿರಲಿಲ್ಲ.

ಭಾವ ಒಂದು ಮಾತನ್ನೂ ಆಡಲಿಲ್ಲ. ಹಗ್ಗವನ್ನು ಬಿಚ್ಚಲು ಹೋದರೆ ಗಂಟು ಬಿಗಿದುಕೊಂಡಿತ್ತು. ಕತ್ತಿಯಿಂದ ಕುಯ್ಯಬೇಕಾಯಿತು.

ಆದುದರಿಂದ ‘ಕಟ್ಟಿದ್ದೇವೆ’ ಎಂದು ಹೇಳಿಕೊಳ್ಳುವುದು ಸಾಲದು. ಹೇಗೆ ಕಟ್ಟಿದ್ದೇವೆಂಬುದೇ ಮುಖ್ಯ. ಕೊರಳಪಟ್ಟಿಗೆ ಹಗ್ಗ ಹಾಕಿ ಗಾಡಿಗೆ ಕಟ್ಟುವುದು ರಕ್ಷಣೆಯಲ್ಲ, ಉರುಳು. ಹಾರಿದರೆ ಕೊರಳು ಬಿಗಿಯುತ್ತದೆ. ಹಾರದೆ ಕುಳಿತಿದ್ದರೂ ಗಾಡಿ ಗಕ್ಕನೆ ನಿಂತರೆ ಆ ಒತ್ತಡವೆಲ್ಲ ಕತ್ತಿನ ಒಂದು ಬೆರಳಗಲದ ಮೇಲೆ ಬೀಳುತ್ತದೆ. ನಮ್ಮ ಹೆಮ್ಮೆಯ ಮುಧೋಳದ ನಾಯಿಯಂಥದ್ದಕ್ಕೆ ಕೊರಳಪಟ್ಟಿ ಇನ್ನೊಂದು ವಿಧದಲ್ಲಿಯೂ ನಿರುಪಯುಕ್ತ. ಅದರ ತಲೆ ನೀಳ, ಸಪೂರ. ಹಿಂದಕ್ಕೆ ಜಗ್ಗಿದರೆ ಪಟ್ಟಿಯಿಂದ ತಲೆ ಜಾರಿ ಹೊರಬರುತ್ತದೆ. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರವನ್ನು ಚೀಟಿಯ ಮೇಲೆ ಅಚ್ಚು ಹಾಕಿತು. ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಒಂದು ಸಂಶೋಧನ ಕೇಂದ್ರವಿದೆ. ಇಷ್ಟು ಗೌರವ ಪಡೆದ ನಾಯಿಯನ್ನು ಮರಿಯಾಗಿ ಕೊಂಡವರು ಮನೆಗೆ ತರುವುದು ಮಾತ್ರ ಅಲುಗಾಡುವ ರಟ್ಟಿನ ಪೆಟ್ಟಿಗೆಯಲ್ಲಿ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ.

ಹಾಗಾದರೆ ಮಾಡತಕ್ಕದ್ದೇನು? ಖಂಡಿಸುವವನು ದಾರಿಯನ್ನೂ ತೋರಿಸಬೇಕು. ದಾರಿ ಕಷ್ಟದ್ದಲ್ಲ.

ಹಿಂಭಾಗ ಒಳಗಿನಿಂದಲೇ ತೆರೆದಿರುವ ಕಾರುಗಳಲ್ಲಿ, ಎಂದರೆ ಹಿಂದಿನ ಸೀಟಿಗೂ ಸಾಮಾನಿನ ಜಾಗಕ್ಕೂ ನಡುವೆ ಗೋಡೆಯಿಲ್ಲದ ಗಾಡಿಗಳಲ್ಲಿ, ನಾಯಿಯನ್ನು ಹಿಂದೆ ಇರಿಸಬಹುದು. ಸೀಟಿನ ಬೆನ್ನಿಗೆ ಗಟ್ಟಿಯಾದ ಕಬ್ಬಿಣದ ಜಾಲರಿಯೊಂದನ್ನು ಹಾಕಿಸಿದರೆ ಅದು ಮುಂದಕ್ಕೆ ಹಾರಿಬಂದು ಜನರ ಮೇಲೆ ಬೀಳುವುದು ತಪ್ಪುತ್ತದೆ. ಆದರೆ ಜಾಲರಿ ಕಾಯುವುದು ಮುಖ್ಯವಾಗಿ ಮನುಷ್ಯರನ್ನು. ನಾಯಿಯನ್ನೂ ಕಾಯಬೇಕಾದರೆ ಪೆಟ್ಟಿಗೆ ಬೇಕು. ಪೆಟ್ಟಿಗೆ ಎಷ್ಟು ದೊಡ್ಡದಿರಬೇಕೆಂದರೆ ನಾಯಿ ನೆಟ್ಟಗೆ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು, ಅಷ್ಟೇ. ಬಹಳ ವಿಶಾಲವಾದರೆ ಒಳಗೇ ಎತ್ತಿ ಬಡಿಯುತ್ತದೆ. ಪೆಟ್ಟಿಗೆಯನ್ನು ಗಾಡಿಯ ನೆಲದಲ್ಲಿರುವ ಕೊಂಡಿಗಳಿಗೆ ಬಿಗಿಯಬೇಕು; ಬಿಗಿಯದ ಪೆಟ್ಟಿಗೆಯೆಂದರೆ ನಾಯಿಯ ತೂಕಕ್ಕೆ ಕಬ್ಬಿಣದ ತೂಕ ಕೂಡಿದಂತೆ. ಒಳಗೆ ಕಾಲು ಜಾರದಂತೆ ರಬ್ಬರಿನ ಚಾಪೆಯನ್ನೋ ಗೋಣಿತಾಟನ್ನೋ ಹಾಸಬೇಕು. ನಾಯಿಗೆ ವಾಕರಿಕೆ ಬರುವುದಕ್ಕೂ ಹೆದರಿಕೆ ಹೆಚ್ಚುವುದಕ್ಕೂ ಕಾಲಿಗೆ ಹಿಡಿತ ಸಿಕ್ಕದಿರುವುದು ಒಂದು ಕಾರಣ. ಹೊರಡುವ ದಿನವೇ ಮೊದಲ ಸಲ ಪೆಟ್ಟಿಗೆಯೊಳಕ್ಕೆ ನೂಕಿದರೆ ಅದು ಕೂಗಾಡುವುದು ಸಹಜ. ವಾರದ ಮುಂಚೆಯೇ ಮನೆಯಲ್ಲಿ ತೆರೆದಿಟ್ಟು ಅದರೊಳಗೇ ಅನ್ನ ಹಾಕಿದರೆ ತಾನಾಗಿಯೇ ಹೋಗಿ ಮಲಗುತ್ತದೆ.

ಹಿಂಭಾಗವನ್ನು ಪೂರ್ತಿ ಮುಚ್ಚುವ ಡಿಕ್ಕಿಯ ಕಾರಾದರೆ ಆ ಡಿಕ್ಕಿಗೆ ನಾಯಿಯನ್ನು ಐದು ನಿಮಿಷಕ್ಕೂ ಹಾಕಕೂಡದು. ಅಲ್ಲಿ ಗಾಳಿಯಿಲ್ಲ, ಬೆಳಕಿಲ್ಲ, ಕಾವು ಹೋಗಲು ದಾರಿಯಿಲ್ಲ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬಾಯಿ ತೆರೆದು ತೇಕಿಯೇ ಅದು ಮೈ ತಣಿಸಿಕೊಳ್ಳಬೇಕು. ಸುತ್ತಲಿನ ಗಾಳಿಯೇ ಕಾದರೆ ತೇಕಿಯೂ ಫಲವಿಲ್ಲ. ಹೊರಗೆ 30 ಡಿಗ್ರಿಯಿರುವಾಗ ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ 45 ಡಿಗ್ರಿ ದಾಟಬಹುದು. ‘ಒಂದು ಕಾಫಿ ಕುಡಿದು ಬರುತ್ತೇವೆ’ ಎಂದು ಹೋಟೆಲಿನ ಮುಂದೆ ಕಾರಿನಲ್ಲಿ ನಾಯಿಯನ್ನು ಕೂಡಿಹಾಕಿ ಹೋಗುವವರು ಈ ಅಂಕಿಯನ್ನು ನೆನಪಿಡಲಿ. ಇಂಥ ಕಾರುಗಳಲ್ಲಿ ನಾಯಿಯ ಸ್ಥಾನ ಹಿಂದಿನ ಸೀಟು. ಅದರ ಬಂಧನ ಎದೆಪಟ್ಟಿ. ಎದೆಯನ್ನೂ ಭುಜವನ್ನೂ ಬಳಸಿಬರುವ ಅಗಲವಾದ ಪಟ್ಟಿಯನ್ನು ತೊಡಿಸಿ, ಅದನ್ನು ಗಿಡ್ಡ ಕೊಂಡಿಯಿಂದ ಸೀಟಿನ ಬೆಲ್ಟಿಗೆ ಸೇರಿಸಬೇಕು. ಸಣ್ಣ ನಾಯಿಯಾದರೆ ಬುಟ್ಟಿಯಂಥ ಪೆಟ್ಟಿಗೆಯಲ್ಲಿಟ್ಟು ಮುಂದಿನ ಸೀಟಿನ ಹಿಂದೆ, ನೆಲದ ಮೇಲೆ, ಅಲುಗದಂತೆ ಕೂರಿಸಬಹುದು. ಚಾಲಕನ ತೊಡೆಯ ಮೇಲಾಗಲಿ, ಗಾಳಿಚೀಲವಿರುವ ಮುಂದಿನ ಸೀಟಿನಲ್ಲಾಗಲಿ ನಾಯಿ ಕೂರಕೂಡದು.

ತೆರೆದ ಪಿಕಪ್ಪಾದರೆ, ನಾಯಿಯನ್ನು ಚಾಲಕನ ಕೋಣೆಯೊಳಕ್ಕೆ ಕರೆದುಕೊಳ್ಳಿ. ಅದಾಗದಿದ್ದರೆ ಗಾಳಿಯಾಡುವ, ನೆರಳಿರುವ ಗಟ್ಟಿ ಪೆಟ್ಟಿಗೆಯನ್ನು ಕೋಣೆಯ ಬೆನ್ನಿಗೆ ಒತ್ತಿ ಬಿಗಿಯಿರಿ. ಅದೂ ಆಗದಿದ್ದರೆ ಆ ದಿನ ಹೋಗಬೇಡಿ. ವೈದ್ಯರನ್ನೇ ತೋಟಕ್ಕೆ ಕರೆತನ್ನಿ. ಇದನ್ನು ನಾನು ಹೇಳಬಲ್ಲೆ.

ಇನ್ನೊಂದು ಎಚ್ಚರಿಕೆ ಎಲ್ಲ ಗಾಡಿಗಳಿಗೂ ಸೇರಿದ್ದು. ಊರು ಮುಟ್ಟಿದೆವೆಂಬ ಸಂತೋಷದಲ್ಲಿ ಹಿಂಬಾಗಿಲನ್ನು ಥಟ್ಟನೆ ಎತ್ತಬಾರದು. ಗಂಟೆಗಟ್ಟಲೆ ಮುದುರಿ ಕುಳಿತ ನಾಯಿ ಬಾಗಿಲು ತೆರೆದೊಡನೆ ಹಾರುತ್ತದೆ. ಹೆದ್ದಾರಿಯ ಬದಿಯಲ್ಲಾದರೆ ಹಾರುವುದು ನೇರವಾಗಿ ಚಕ್ರದ ಕೆಳಕ್ಕೆ. ಮೊದಲು ಕೈಗೆ ಸರಪಣಿ, ಆಮೇಲೆ ಬಾಗಿಲು.

ಇಷ್ಟು ಹೇಳಿದರೆ ಮೂರು ಆಕ್ಷೇಪಣೆಗಳು ಬರುತ್ತವೆಂದು ಬಲ್ಲೆ. ಮೊದಲನೆಯದು: ‘ಇಷ್ಟು ವರ್ಷ ಹೀಗೇ ಹೋಗಿದ್ದೇವೆ, ಏನೂ ಆಗಿಲ್ಲ.’ ಹಗ್ಗಕ್ಕೆ ಗಂಟು ಹಾಕುವ ಮುಂಚಿನ ಗಳಿಗೆಯವರೆಗೆ ನನಗೂ ಏನೂ ಆಗಿರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವವರಿಗೆಲ್ಲ ಇದೇ ಇತಿಹಾಸ.

ಎರಡನೆಯದು: ‘ಇದು ಹಣವಂತರ ಷೋಕಿ. ಮನುಷ್ಯರೇ ಲಾರಿಯ ಹಿಂದೆ ನಿಂತು ಹೋಗುವ ದೇಶದಲ್ಲಿ ನಾಯಿಗೆ ಪಟ್ಟಿಯೇ?’ ಈ ಮಾತಿನಲ್ಲಿ ಸತ್ಯವಿದೆ, ನಾನು ಅಲ್ಲಗಳೆಯುವುದಿಲ್ಲ. ಕೂಲಿಯವರನ್ನು ಪಿಕಪ್ಪಿನಲ್ಲಿ ತುಂಬಿಕೊಂಡು ಹೋಗುವುದು ನಾಯಿಯ ವಿಷಯಕ್ಕಿಂತ ನೂರು ಪಾಲು ದೊಡ್ಡ ಅನ್ಯಾಯ. ಆದರೆ ಈ ಆಕ್ಷೇಪಣೆಯನ್ನು ಎತ್ತುವವರು ಯಾರು? ಕೂಲಿಯವರಲ್ಲ, ಕಾರುಳ್ಳವರು. ಹಿಂದಿನ ಸೀಟಿನಲ್ಲಿ ಕುಳಿತವರೂ ಬೆಲ್ಟು ಹಾಕಬೇಕೆಂಬ ನಿಯಮವಿದೆ. ಹಾಕದಿದ್ದರೆ 1,000 ರೂಪಾಯಿ ದಂಡವೆಂದು 2019ರ ತಿದ್ದುಪಡಿ ವಿಧಿಸಿದೆ. ಆದರೂ ಹಿಂದೆ ಕುಳಿತು ಬೆಲ್ಟು ಎಳೆದುಕೊಳ್ಳುವವರು ಎಷ್ಟು ಮಂದಿ? ತನ್ನ ಮೈಗೆ ಬಿಗಿಯದವನು ನಾಯಿಯ ಮೈಗೆ ಬಿಗಿಯಲಾರ. ಒಂದು ಅಜಾಗರೂಕತೆಯನ್ನು ಇನ್ನೊಂದರಿಂದ ಸಮರ್ಥಿಸುವುದು ನ್ಯಾಯವಲ್ಲ. ಎರಡೂ ಒಂದೇ ಬೇರಿನವು. ಒಂದು ನಾಯಿಯನ್ನು ಕೊಂಡು, ಕಾರಿನಲ್ಲಿ ಸುತ್ತಾಡಿಸುವ ಶಕ್ತಿಯುಳ್ಳವನಿಗೆ ಒಂದು ಎದೆಪಟ್ಟಿಯ ಶಕ್ತಿ ಇಲ್ಲವೆಂದರೆ ಯಾರು ನಂಬುತ್ತಾರೆ?

ಮೂರನೆಯದು: ‘ಕಾನೂನು ಕೇಳುವುದಿಲ್ಲವಲ್ಲ.’ ಕೇಳುತ್ತದೆ. ರುಕ್ಮಿಣೀದೇವಿ ಅರುಂಡೇಲ್ ಅವರು 1953ರಲ್ಲಿ ರಾಜ್ಯಸಭೆಯಲ್ಲಿ ತಂದ ಖಾಸಗಿ ಮಸೂದೆಯ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆಯುವ ಕಾಯಿದೆ ಬಂದಿತು. ಅನಾವಶ್ಯಕವಾದ ನೋವಾಗುವ ರೀತಿಯಲ್ಲಿ ಯಾವ ಪ್ರಾಣಿಯನ್ನಾದರೂ ವಾಹನದಲ್ಲಿ ಸಾಗಿಸುವುದು ಅದರ 11ನೆಯ ಕಲಮಿನ ಪ್ರಕಾರ ಅಪರಾಧ. 1978ರ ಪ್ರಾಣಿಸಾಗಾಟದ ನಿಯಮಗಳಲ್ಲಿ ನಾಯಿ, ಬೆಕ್ಕುಗಳಿಗೆಂದೇ ಒಂದು ಅಧ್ಯಾಯವಿದೆ. ಆದರೆ ಮೊದಲ ಸಲದ ತಪ್ಪಿಗೆ ಕಾಯಿದೆ ಇಟ್ಟಿರುವ ದಂಡ 10ರಿಂದ 50 ರೂಪಾಯಿ. 1960ರಲ್ಲಿ ಅದು ಹಣವಾಗಿತ್ತು. ಈಗ ಒಂದು ಮಸಾಲೆದೋಸೆಗೂ ಸಾಲದು. ಇಂಗ್ಲೆಂಡಿನ ರಸ್ತೆಸಂಹಿತೆಯ 57ನೆಯ ನಿಯಮವು, ಗಾಡಿಯಲ್ಲಿರುವ ನಾಯಿ ಚಾಲಕನ ಗಮನ ಕೆಡಿಸದಂತೆಯೂ ಗಾಡಿ ಥಟ್ಟನೆ ನಿಂತರೆ ತನಗೂ ಇತರರಿಗೂ ಗಾಯ ಮಾಡದಂತೆಯೂ ತಕ್ಕ ರೀತಿಯಲ್ಲಿ ತಡೆದಿಡಬೇಕೆಂದು ಸ್ಪಷ್ಟವಾಗಿ ಹೇಳಿ, ಪಟ್ಟಿ, ಪೆಟ್ಟಿಗೆ, ಪಂಜರ, ಜಾಲರಿ ಎಂದು ಉಪಾಯಗಳನ್ನೂ ಹೆಸರಿಸುತ್ತದೆ. ಅಷ್ಟು ಬಿಡಿಸಿ ಹೇಳುವ ಒಂದು ವಾಕ್ಯ ನಮ್ಮಲ್ಲಿಯೂ ಬರಲಿ; ಚಾಲನೆಯ ಪರವಾನಗಿ ಕೊಡುವಾಗ ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದಾಗಲಿ. ಆದರೆ ಆ ವಾಕ್ಯ ಬರುವ ತನಕ ಕಾಯುವುದಕ್ಕೆ ನಾಯಿಗಳಿಗೆ ಆಯುಸ್ಸು ಸಾಲದು.

ನಮ್ಮದು ನಾಯಿಯನ್ನು ಕಡೆಗಣಿಸಿದ ನಾಡಲ್ಲ. ಭಾರತದ ಕೊನೆಯಲ್ಲಿ ಧರ್ಮರಾಯನಿಗೆ ಇಂದ್ರನ ರಥ ಬರುತ್ತದೆ. ತಮ್ಮಂದಿರು, ಮಡದಿ ಎಲ್ಲರೂ ದಾರಿಯಲ್ಲಿ ಬಿದ್ದಾಗಿದೆ. ಬೆನ್ನ ಹಿಂದೆ ಬಂದ ನಾಯಿ ಒಂದೇ ಉಳಿದಿದೆ. ನಾಯಿಗೆ ಜಾಗವಿಲ್ಲವೆಂದಾಗ, ನಂಬಿ ಬಂದುದನ್ನು ಬಿಟ್ಟು ಬರಲಾರೆನೆಂದು ಅವನು ರಥವನ್ನೇ ನಿರಾಕರಿಸುತ್ತಾನೆ. ಈ ಕಥೆಯನ್ನು ಪ್ರತಿ ವರ್ಷ ಪಾಠ ಹೇಳುವಾಗ ನಾನು ‘ನಂಬಿ ಬಂದುದು’ ಎಂಬಲ್ಲಿ ನಿಲ್ಲುತ್ತೇನೆ. ನಾಯಿ ಗಾಡಿ ಹತ್ತುವುದು ದಾರಿ ಗೊತ್ತಿದ್ದಲ್ಲ, ವೇಗ ಗೊತ್ತಿದ್ದಲ್ಲ. ನಾವು ಕರೆದೆವೆಂದು ಹತ್ತುತ್ತದೆ. ಧರ್ಮರಾಯ ಅದನ್ನು ರಥಕ್ಕೆ ಹತ್ತಿಸುವುದಕ್ಕಾಗಿ ವಾದ ಮಾಡಿದ. ಹತ್ತಿಸಿದ ಮೇಲೆ ಇಳಿಯುವ ತನಕ ಕಾಯುವ ವಾದವನ್ನು ನಾವು ಮಾಡಬೇಕಾಗಿದೆ, ಅಷ್ಟೇ.

ಅರ್ಥಶಾಸ್ತ್ರದ ಮಿತ್ರರು ಮಂಗಳೂರಿಗೆ ಹೋಗಿ ಸುಖವಾಗಿ ಹಿಂದಿರುಗಿದರು. ನಾಯಿಯೂ ಹಿಂದಿರುಗಿತು. “ನೋಡಿದಿರಾ ಮೇಷ್ಟ್ರೇ, ಏನೂ ಆಗಲಿಲ್ಲ” ಎಂದರು. ಬಹಳ ಸಂತೋಷವೆಂದೆ, ನಿಜವಾಗಿಯೂ ಸಂತೋಷವೇ. ಆಮೇಲೆ ಮೇಜಿನ ಒಳಗಿನಿಂದ ಒಂದು ಎದೆಪಟ್ಟಿಯನ್ನು ತೆಗೆದು ಅವರ ಕೈಗೆ ಕೊಟ್ಟೆ. “ಬೆಲೆ ಎಷ್ಟಾಯಿತು?” ಎಂದು ಕೇಳಿದರು. ಕರಿಯನ ವಿಷಯವನ್ನು ಆವರೆಗೆ ನಾನು ಅವರಿಗೆ ಹೇಳಿರಲಿಲ್ಲ. ಆಗ ಹೇಳಿದೆ.